ಐದು ಎಸಳಿನ ರಂಗೋಲಿ ಚುಕ್ಕಿಗೆ ಯಾಕೆ ಕೂರುವುದಿಲ್ಲ?

ಹೊಸನಗರದ ಸೊಸೆ · ಭಾನುವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಅಡಿಕೆ ರೇಟು, ಕೊಳೆರೋಗ, ಮಂಗನ ಕಾಟ ಯಾವುದೂ ಅಲ್ಲದ ಪ್ರಶ್ನೆ ಇದು. ಬೈಯಬೇಡಿ.

ನಮ್ಮೂರಲ್ಲಿ ಗಣಪತಿ ಹಬ್ಬಕ್ಕೆ ರಂಗೋಲಿ ಸ್ಪರ್ಧೆ ಇರುತ್ತದೆ. ಈ ಸಲ ಒಂದು ಹೊಸ ಷರತ್ತು. ಐದು ಎಸಳಿನ ದಾಸವಾಳ ಬಿಡಿಸಬೇಕು, ಅದೂ ಚುಕ್ಕಿ ಇಟ್ಟೇ ಬಿಡಿಸಬೇಕು. ಎಸಳೆಲ್ಲ ಒಂದೇ ಅಳತೆ ಇರಬೇಕು.

ನಾನು ಮದುವೆಯಾಗಿ ಬಂದ ಮೇಲೆ ಅತ್ತೆಯ ಹತ್ತಿರ ಚುಕ್ಕಿ ಕಲಿತವಳು. 15ರಿಂದ 8ರವರೆಗೆ ಸಂದು ಚುಕ್ಕಿ (ಒಂದು ಸಾಲಿನ ಎರಡು ಚುಕ್ಕಿಯ ಸಂದಿಗೆ ಮುಂದಿನ ಸಾಲಿನ ಚುಕ್ಕಿ ಬರುವಂಥದ್ದು) ಕಣ್ಣು ಮುಚ್ಚಿಕೊಂಡು ಇಡುತ್ತೇನೆ. ಆದರೆ ಮೂರು ದಿನದಿಂದ ಜಗಲಿ ಬಳಿದು ಬಳಿದು ಸಾಕಾಯಿತು. ನಾಲ್ಕು ಎಸಳು ಬರುತ್ತದೆ. ಆರು ಎಸಳು ತಾನಾಗಿಯೇ ಬರುತ್ತದೆ. ಐದು ಮಾತ್ರ ಪ್ರತಿ ಸಲ ಸೊಟ್ಟ. ಒಂದು ಎಸಳು ಉದ್ದವಾಗುತ್ತದೆ, ಇಲ್ಲದಿದ್ದರೆ ಎರಡು ಎಸಳಿನ ನಡುವೆ ಸಂದಿ ಜಾಸ್ತಿ.

"ಐದು ಚುಕ್ಕಿಯಲ್ಲಿ ಬರಲ್ಲ ಕಣೆ, ನಮ್ಮಮ್ಮನೂ ಹಾಕಿದ್ದು ನೋಡಿಲ್ಲ" ಅಂದರು ಅತ್ತೆ. ಯಾಕೆ ಅಂತ ಕೇಳಿದರೆ ಅವರಿಗೂ ಗೊತ್ತಿಲ್ಲ. ನನ್ನ ಕೈ ಸರಿ ಇಲ್ವಾ, ನಿಜವಾಗಿಯೂ ಬರಲ್ವಾ?

ಅಡಿಕೆ ಚೊಗರು · ಭಾನುವಾರ ಬೆಳಿಗ್ಗೆ

ಬರಲ್ಲ ಅನ್ನುವುದು ಎಂಥದ್ದು ಮಾರಾಯ್ರೇ. ಮಗಳ ಗ್ರಾಫ್ ಪುಸ್ತಕ ತೆಗೆದುಕೊಂಡು ಹತ್ತು ನಿಮಿಷದಲ್ಲಿ ಮಾಡಿದೆ. ಬರೆದುಕೊಳ್ಳಿ.

ನೇರ ಚುಕ್ಕಿ, ಅಗಲಕ್ಕೆ 11, ಒಟ್ಟು 10 ಸಾಲು. ತೀರಾ ಕೆಳಗಿನ ಸಾಲಿನಲ್ಲಿ ನಡುಚುಕ್ಕಿಯಿಂದ ಆಚೆ 3, ಈಚೆ 3, ಎರಡು ಗುರುತು ಮಾಡಿ. ಅಲ್ಲಿಂದ ಆರು ಸಾಲು ಮೇಲೆ ಹೋಗಿ ನಡುವಿನಿಂದ ಆಚೆ 5, ಈಚೆ 5. ಅದರ ಮೇಲೆ ಮೂರು ಸಾಲು ಹೋದರೆ ನಡುಚುಕ್ಕಿ, ಅದೇ ತುದಿ. ಐದು ಮೂಲೆ ಆಯಿತಲ್ಲ? ಮೂಲೆಗೊಂದು ಎಸಳು ಕಟ್ಟಿ. ಬಹುಮಾನ ಬಂದರೆ ಕಾಯಿ ಕಡುಬು ಕಳಿಸಿ.

ಮಳೆಗಾಲದ ಮೇಷ್ಟ್ರು · ಭಾನುವಾರ ಮಧ್ಯಾಹ್ನ

ಚೊಗರು ಅವರೇ, ಅಳತೆಪಟ್ಟಿ ಇಟ್ಟು ನೋಡಿದಿರಾ? ನಾನು ಲೆಕ್ಕ ಹಾಕಿದೆ. ನಿಮ್ಮ ಕೆಳಗಿನ ಬಾಹು 6 ಮನೆ. ಪಕ್ಕದ ಎರಡು ಬಾಹು 6.32. ಮೇಲಿನ ಎರಡು 5.83. ಕಣ್ಣಿಗೆ ಪರವಾಗಿಲ್ಲ. ಆದರೆ ಒಂದು ಬಾಹುವಿಗೂ ಇನ್ನೊಂದಕ್ಕೂ ಅರ್ಧ ಮನೆ ವ್ಯತ್ಯಾಸ ಬಂದರೆ ಅದು ಸರಿಯಾದ ಪಂಚಭುಜ ಅಲ್ಲ.

ಇದಕ್ಕಿಂತ ಒಳ್ಳೆಯದು ಬೇಕಾದರೆ 33 ಚುಕ್ಕಿ ಅಗಲ, 32 ಸಾಲು ಇಡಿ. ಕೆಳಗೆ ಆಚೀಚೆ 10, 19 ಸಾಲು ಮೇಲೆ ಆಚೀಚೆ 16, ಇನ್ನೂ 12 ಸಾಲು ಮೇಲೆ ತುದಿ. ಆಗ ಮೂರು ಬಾಹು ಸರಿಯಾಗಿ 20, ಉಳಿದ ಎರಡು 19.92. ತೀರ್ಪುಗಾರರ ಕಣ್ಣಿಗೆ ಖಂಡಿತ ಗೊತ್ತಾಗುವುದಿಲ್ಲ. ಆದರೆ ಸಾವಿರ ಚುಕ್ಕಿ ಯಾರು ಇಡುತ್ತಾರೆ?

ಅದಿರಲಿ. ಚುಕ್ಕಿ ಎಷ್ಟು ಬೇಕಾದರೂ ಹೆಚ್ಚಿಸಿ, ಹತ್ತಿರ ಹತ್ತಿರ ಹೋಗಬಹುದು. ನಿಖರವಾಗಿ ಕೂರುವುದಿಲ್ಲ. ಸೊಸೆಯವರೇ, ನಿಮ್ಮ ಕೈ ಸರಿಯಾಗಿಯೇ ಇದೆ. ನಿಮ್ಮ ಅತ್ತೆ ಹೇಳಿದ್ದೂ ಸರಿ.

ಅಡಿಕೆ ಚೊಗರು · ಭಾನುವಾರ ಮಧ್ಯಾಹ್ನ

ಅಳತೆಪಟ್ಟಿ ಇಟ್ಟೆ. ಹೌದು. ಕಡುಬು ಬೇಡ ಬಿಡಿ.

ಆದರೂ ಒಂದು ಅನುಮಾನ. ನಿಮಗೆ ಸಿಗಲಿಲ್ಲ ಅಂದ ಮಾತ್ರಕ್ಕೆ ಇಲ್ಲ ಅಂತ ಹೇಗೆ ಹೇಳುತ್ತೀರಿ? ಲಕ್ಷ ಚುಕ್ಕಿಯಲ್ಲಿ ಎಲ್ಲೋ ಒಂದು ಕಡೆ ಇದ್ದರೆ?

ಹೊಸನಗರದ ಸೊಸೆ · ಭಾನುವಾರ ಸಂಜೆ

ನನಗೂ ಅದೇ ಬೇಕು ಮೇಷ್ಟ್ರೇ. ದಯವಿಟ್ಟು ಸೂತ್ರಗೀತ್ರ ಬೇಡ, ಚುಕ್ಕಿಯಲ್ಲೇ ಹೇಳಿ. ಎಸ್ಸೆಸ್ಸೆಲ್ಸಿ ಗಣಿತ ದಾಟಿದ್ದು ದೇವರ ದಯೆ.

ಮಳೆಗಾಲದ ಮೇಷ್ಟ್ರು · ಭಾನುವಾರ ರಾತ್ರಿ

ಇಲ್ಲಿ ಕರೆಂಟ್ ಇಲ್ಲ, ಫೋನಿನ ಚಾರ್ಜ್ ಇರುವಷ್ಟು ಬರೆಯುತ್ತೇನೆ. ಒಂದು ಕಾಗದ ಇಟ್ಟುಕೊಂಡು ಓದಿ.

ಮೊದಲು ಚುಕ್ಕಿಯ ಒಂದು ಗುಣ. ಒಂದು ಚುಕ್ಕಿಯಿಂದ ಇನ್ನೊಂದಕ್ಕೆ ಒಂದು ಜಿಗಿತ ಹಾಕಿ. ಎರಡು ಬಲಕ್ಕೆ, ಮೂರು ಮೇಲಕ್ಕೆ ಅಂತಿಟ್ಟುಕೊಳ್ಳಿ. ಅದೇ ಜಿಗಿತವನ್ನು ಬೇರೆ ಯಾವ ಚುಕ್ಕಿಯಿಂದ ಹಾಕಿದರೂ ಬೀಳುವುದು ಚುಕ್ಕಿಯ ಮೇಲೆಯೇ, ನಡುವಿನ ಖಾಲಿ ಜಾಗದಲ್ಲಿ ಅಲ್ಲ. ನೇರ ಚುಕ್ಕಿಗೂ ಇದು ನಿಜ, ಸಂದು ಚುಕ್ಕಿಗೂ ನಿಜ. ಅಂಗಳದ ಅಂಚಿನ ತಾಪತ್ರಯ ಬೇಡ, ಚುಕ್ಕಿ ಗದ್ದೆ ದಾಟಿ ಗುಡ್ಡದವರೆಗೂ ಇಟ್ಟಿದೆ ಅಂದುಕೊಳ್ಳಿ.

ಈಗ ಚೊಗರು ಅವರು ಹೇಳಿದ ಹಾಗೆ, ಲಕ್ಷ ಚುಕ್ಕಿಯಲ್ಲಿ ಎಲ್ಲೋ ಒಂದು ಕಡೆ ಸರಿಯಾದ ಪಂಚಭುಜ ಸಿಕ್ಕೇ ಬಿಟ್ಟಿತು ಅನ್ನೋಣ. ಐದು ಮೂಲೆಯೂ ಚುಕ್ಕಿಯ ಮೇಲೆ. ಸುತ್ತ ಕ, ಖ, ಗ, ಘ, ಚ ಅಂತ ಹೆಸರಿಡಿ. ಖ ದಿಂದ ಕ ಗೆ ಎಷ್ಟು ಜಿಗಿತ ಅಂತ ನೋಡಿಕೊಳ್ಳಿ. ಅದೇ ಜಿಗಿತವನ್ನು ಗ ದಿಂದ ಹಾಕಿ. ಎಲ್ಲಿ ಬೀಳುತ್ತೀರಿ? ಆಕೃತಿಯ ಹೊಟ್ಟೆಯೊಳಗೆ. ಅಲ್ಲಿ ಒಂದು ಚುಕ್ಕಿ ಇರಲೇಬೇಕು, ಈಗಷ್ಟೇ ಒಪ್ಪಿಕೊಂಡೆವಲ್ಲ.

ಪ್ರತಿ ಮೂಲೆಗೂ ಇದನ್ನೇ ಮಾಡಿ. ಐದು ಹೊಸ ಚುಕ್ಕಿ ಸಿಗುತ್ತವೆ. ಅವನ್ನು ಸೇರಿಸಿದರೆ ಅದೂ ಸರಿಯಾದ ಪಂಚಭುಜ. ತಲೆಕೆಳಗಾಗಿ ನಿಂತಿರುತ್ತದೆ, ಚಿಕ್ಕದಾಗಿರುತ್ತದೆ. ಮಕ್ಕಳು ಕೈ ಎತ್ತದೆ ಐದು ಮೂಲೆಯ ನಕ್ಷತ್ರ ಬರೆಯುತ್ತಾರಲ್ಲ, ಅದರ ಹೊಟ್ಟೆಯಲ್ಲಿ ಒಂದು ಪುಟ್ಟ ಪಂಚಭುಜ ಉಳಿಯುತ್ತದೆ. ನಮಗೆ ಸಿಕ್ಕಿದ್ದು ಅದೇ. ಅದರ ಬಾಹು ಹೊರಗಿನ ಬಾಹುವಿನ 0.382 ಪಾಲು.

ಇಲ್ಲಿಗೆ ಮುಗಿಯಲಿಲ್ಲ. ಒಳಗಿನದೂ ಚುಕ್ಕಿಯ ಮೇಲೆ ಕೂತಿರುವ ಪಂಚಭುಜ. ಹಾಗಾದರೆ ಅದರೊಳಗೂ ಒಂದು ಇರಬೇಕು. ಅದರೊಳಗೆ ಇನ್ನೊಂದು. ಚುಕ್ಕಿಯಿಂದ ಚುಕ್ಕಿಗೆ 1 ಇಂಚು ಬಿಟ್ಟಿದ್ದೀರಿ ಅನ್ನಿ. ಹೊರಗಿನ ಬಾಹು 20 ಇಂಚು. ಒಳಗಿನದು 7.6. ಅದರೊಳಗಿನದು 2.9. ಆಮೇಲೆ 1.1. ಆಮೇಲೆ 0.43 ಇಂಚು. ಎರಡು ಚುಕ್ಕಿಯ ನಡುವೆ ಅರ್ಧ ಇಂಚಿಗಿಂತ ಕಡಿಮೆ! ನೀವು ಚುಕ್ಕಿ ಇಟ್ಟಿದ್ದೇ ಒಂದೊಂದು ಇಂಚಿಗೆ. ಇದು ಎಲ್ಲಿಂದ ಬಂತು?

ಎಲ್ಲಿಂದಲೂ ಬರಲು ಸಾಧ್ಯವಿಲ್ಲ. ಅಂದರೆ ಮೊದಲು ಒಪ್ಪಿಕೊಂಡದ್ದೇ ತಪ್ಪು. ಲಕ್ಷ ಇರಲಿ, ಕೋಟಿ ಇರಲಿ, ಹೊರಗಿನದು ಎಷ್ಟು ದೊಡ್ಡದಿದ್ದರೂ ಕೆಲವೇ ಮೆಟ್ಟಿಲಿಗೆ ಒಂದು ಇಂಚಿನ ಕೆಳಗೆ ಇಳಿದೇ ಇಳಿಯುತ್ತದೆ.

ಅಡಿಕೆ ಚೊಗರು · ಭಾನುವಾರ ರಾತ್ರಿ

ಎರಡು ಸಲ ಓದಿದೆ. ಮೂರನೇ ಸಲ ಬರೆದು ನೋಡಿದೆ. ಸೋತೆ.

ಆದರೆ ಇದೇ ಉಪಾಯ ಆರಕ್ಕೂ ಹಾಕಿದರೆ? ಆರೂ ಬರಲ್ಲ ಅಂತಾಗಬೇಕಲ್ವಾ? ಆರು ಬರುವುದು ನಮ್ಮ ಕಣ್ಣೆದುರಿಗೇ ಇದೆ.

ಮಳೆಗಾಲದ ಮೇಷ್ಟ್ರು · ಸೋಮವಾರ ಬೆಳಿಗ್ಗೆ

ಇದು ಕೇಳಬೇಕಾದ ಪ್ರಶ್ನೆ. ಹಾಕಿ ನೋಡಿ. ಷಡ್ಭುಜದಲ್ಲಿ ಖ ದಿಂದ ಕ ಗೆ ಇರುವ ಜಿಗಿತವನ್ನು ಗ ದಿಂದ ಹಾಕಿದರೆ ಸರಿಯಾಗಿ ನಡುಮಧ್ಯಕ್ಕೆ ಬೀಳುತ್ತೀರಿ. ಯಾವ ಮೂಲೆಯಿಂದ ಮಾಡಿದರೂ ಅದೇ ನಡುಚುಕ್ಕಿ. ಚಿಕ್ಕ ಷಡ್ಭುಜ ಹುಟ್ಟುವುದೇ ಇಲ್ಲ, ಹಾಗಾಗಿ ಜಗಳವೂ ಇಲ್ಲ. ಚೌಕದಲ್ಲಿ ಮಾಡಿದರೆ ಎದುರಿನ ಮೂಲೆಗೇ ಹೋಗಿ ಬೀಳುತ್ತೀರಿ. ಅಲ್ಲಿ ಚುಕ್ಕಿ ಮೊದಲೇ ಇದೆ. ತ್ರಿಭುಜದಲ್ಲಿ ಆಕೃತಿಯ ಹೊರಗೆ ಬೀಳುತ್ತೀರಿ, ಅಲ್ಲಿ ಕುಗ್ಗುವ ಮಾತೇ ಇಲ್ಲ.

ಏಳು ಹಾಕಿ, ಮತ್ತೆ ಒಳಗೆ ಚಿಕ್ಕದು ಹುಟ್ಟುತ್ತದೆ. ಎಂಟು, ಒಂಬತ್ತು, ಹತ್ತು, ಎಲ್ಲಕ್ಕೂ ಅದೇ ಗತಿ. ಚುಕ್ಕಿಗೆ ಒಗ್ಗುವ ಸಮಬಾಹುವಿನ ನಿಯಮಿತ ಆಕೃತಿ ಮೂರೇ. ಮೂರು, ನಾಲ್ಕು, ಆರು. ಅದೂ ನಾಲ್ಕಕ್ಕೆ ನೇರ ಚುಕ್ಕಿ ಬೇಕು, ಮೂರು ಮತ್ತು ಆರಕ್ಕೆ ಸಂದು ಚುಕ್ಕಿ ಬೇಕು.

ಹೊಸನಗರದ ಸೊಸೆ · ಸೋಮವಾರ ಬೆಳಿಗ್ಗೆ

ಒಂದು ನಿಮಿಷ. ಎಂಟೂ ಬರಲ್ಲ ಅಂದಿರಾ?! ವರಮಹಾಲಕ್ಷ್ಮಿಗೆ ಅಷ್ಟದಳ ಪದ್ಮ ಹಾಕುವುದು ಚುಕ್ಕಿಯಲ್ಲೇ ಅಲ್ವಾ? ಅತ್ತೆಗೆ ಹೇಳಿದರೆ ಮನೆಯಿಂದ ಹೊರಗೆ ಹಾಕುತ್ತಾರೆ.

ಮಳೆಗಾಲದ ಮೇಷ್ಟ್ರು · ಸೋಮವಾರ ಬೆಳಿಗ್ಗೆ

ಹೇಳಬೇಡಿ. ನೀವೇ ಅಳೆದು ನೋಡಿ. ನೇರ ಎಸಳು ನಡುವಿನಿಂದ 3 ಚುಕ್ಕಿ ದೂರ ಹೋಗುತ್ತದೆ. ಓರೆ ಎಸಳು ಮೂಲೆಯ ಕಡೆ 2 ಚುಕ್ಕಿ ಹೋಗುತ್ತದೆ, ಅಂದರೆ 2.83. ಅಷ್ಟು ವ್ಯತ್ಯಾಸ ಎಳೆಯ ದಪ್ಪದಲ್ಲಿ ಮುಚ್ಚಿಹೋಗುತ್ತದೆ. ದೊಡ್ಡದು ಹಾಕುವವರು 7ಕ್ಕೆ 5 ಹಿಡಿದರೆ 7 ಮತ್ತು 7.07. ಅಷ್ಟದಳ ಪಾಸಾಗುವುದು ಹೀಗೆ. ಐದಕ್ಕೆ ಅಂಥ ಚಿಕ್ಕ ಜೋಡಿ ಸಿಗುವುದಿಲ್ಲ, ಅದಕ್ಕೇ ಸಿಕ್ಕಿಬೀಳುತ್ತದೆ.

ಗಾರೆ ಕೆಲಸ · ಸೋಮವಾರ ಮಧ್ಯಾಹ್ನ

ನಾನು ಶಿವಮೊಗ್ಗದಲ್ಲಿ ಟೈಲ್ಸ್ ಹಾಕುವವನು. ಊಟದ ಹೊತ್ತು, ಅದಕ್ಕೆ ಓದುತ್ತಾ ಕೂತಿದ್ದೆ. ನಮ್ಮ ಕೆಲಸದಲ್ಲೂ ಇದೇ ಕಥೆ.

ಹೋದ ವರ್ಷ ಒಬ್ಬರು ಹೊಸ ಮನೆಯ ವರಾಂಡಕ್ಕೆ ಐದು ಮೂಲೆಯ ಕಲ್ಲು ಕಟಿಂಗ್ ಮಾಡಿಸಿ ಲೋಡ್ ಇಳಿಸಿಬಿಟ್ಟಿದ್ದರು. ನಮ್ಮನ್ನು ಮೊದಲು ಕೇಳಲಿಲ್ಲ. ಐದು ಮೂಲೆಯ ಕಲ್ಲಿನ ಒಂದೊಂದು ಕೋನ 108 ಡಿಗ್ರಿ. ಮೂರು ಕಲ್ಲು ಒಂದು ಕಡೆ ಸೇರಿಸಿದರೆ 324. ಸುತ್ತು ಮುಗಿಯಲು 360 ಬೇಕು. 36 ಡಿಗ್ರಿ ಸಂದಿ ಬಾಯಿ ಬಿಟ್ಟುಕೊಂಡು ಕೂತಿರುತ್ತದೆ, ನಾಲ್ಕನೇ ಕಲ್ಲು ಹಿಡಿಸಲ್ಲ. ಚೌಕಕ್ಕೆ 90ರಂತೆ ನಾಲ್ಕು, ಆರು ಮೂಲೆಗೆ 120ರಂತೆ ಮೂರು, ಮೂರು ಮೂಲೆಗೆ 60ರಂತೆ ಆರು. ಲೆಕ್ಕ ಸರಿಯಾಗಿ ಮುಗಿಯುವುದು ಈ ಮೂರಕ್ಕೇ. ಅವರಿಗೆ ಕೊನೆಗೆ ಸಂದಿಗೆಲ್ಲ ಕರಿಕಲ್ಲಿನ ಚೂರು ಕೂಡಿಸಿ ಕೊಟ್ಟೆ. ಚೆನ್ನಾಗೇ ಕಾಣುತ್ತದೆ, ಆದರೆ ಕೂಲಿ ಎರಡು ಪಟ್ಟು.

ಒಂದು ಮಾತು. ಐದು ಮೂಲೆ ಅಂದ ತಕ್ಷಣ ಆಗಲ್ಲ ಅಂತಲ್ಲ. ಬಾಹು, ಕೋನ ಎಲ್ಲ ಸಮ ಇರಬೇಕು ಅಂದರೆ ಮಾತ್ರ ಆಗಲ್ಲ. ನಮ್ಮ ಹೆಂಚಿನ ಮನೆಯ ಪಕ್ಕದ ಗೋಡೆ ನೋಡಿ. ಕೆಳಗೆ ಚೌಕ, ಮೇಲೆ ಮಾಡಿನ ತ್ರಿಕೋನ. ಅದೂ ಐದು ಮೂಲೆಯೇ ತಾನೇ? ಆ ಆಕಾರದ ಕಲ್ಲು ಕೊಡಿ, ಒಂದು ಸಾಲು ನೆಟ್ಟಗೆ, ಅದರ ಮೇಲೆ ಒಂದು ಸಾಲು ತಲೆಕೆಳಗೆ ಹಲ್ಲು ಕಚ್ಚಿಸಿ ಹಾಕುತ್ತೇನೆ. ಒಂದು ಕೂದಲೂ ನುಗ್ಗಲ್ಲ.

ಮಳೆಗಾಲದ ಮೇಷ್ಟ್ರು · ಸೋಮವಾರ ಸಂಜೆ

ಗಾರೆ ಕೆಲಸದವರು ನೂರು ವರ್ಷ ನಡೆದ ಒಂದು ಹುಡುಕಾಟಕ್ಕೆ ಕೈ ಹಾಕಿದರು. ಸಂದಿ ಇಲ್ಲದೆ ನೆಲ ತುಂಬುವ ಐದು ಮೂಲೆಯ ಆಕಾರಗಳು ಎಷ್ಟು ಬಗೆ? ಮೂಲೆ ಒಳಗೆ ಚುಚ್ಚಿಕೊಂಡವು ಬೇಡ, ಎಲ್ಲ ಹೊರಗೆ ಉಬ್ಬಿದವು ಮಾತ್ರ. ಜರ್ಮನಿಯ ಕಾರ್ಲ್ ರೈನ್‌ಹಾರ್ಟ್ 1918ರಲ್ಲಿ ಐದು ಬಗೆ ಕೊಟ್ಟರು. 1968ರಲ್ಲಿ ಕರ್ಶ್ನರ್ ಇನ್ನೂ ಮೂರು ಸೇರಿಸಿ, ಇಷ್ಟೇ ಅಂದರು. 1975ರಲ್ಲಿ ಮಾರ್ಟಿನ್ ಗಾರ್ಡ್ನರ್ ಒಂದು ಪತ್ರಿಕೆಯ ಅಂಕಣದಲ್ಲಿ ಆ ವಿಷಯ ಬರೆದರು. ಅದನ್ನು ಓದಿ ಅಮೆರಿಕದ ಸ್ಯಾನ್ ಡಿಯಾಗೋದ ಒಬ್ಬ ಗೃಹಿಣಿ, ಮಾರ್ಜರಿ ರೈಸ್, ಅಡುಗೆಮನೆಯಲ್ಲಿ ಕೂತು ಗೀಚಲು ಶುರು ಮಾಡಿದರು. ಹೈಸ್ಕೂಲಿನಾಚೆ ಗಣಿತ ಓದಿದವರಲ್ಲ. ಗುರುತುಗಳನ್ನೂ ತಾವೇ ಮಾಡಿಕೊಂಡರು. ನಾಲ್ಕು ಹೊಸ ಬಗೆ ಕಂಡುಹಿಡಿದರು.

ನಡುವೆ ಬೇರೆಯವರಿಗೂ ಒಂದೆರಡು ಸಿಕ್ಕವು. ಹದಿನೈದನೆಯದು ಸಿಕ್ಕಿದ್ದು 2015ರಲ್ಲಿ, ಕಂಪ್ಯೂಟರಿನ ಸಹಾಯದಿಂದ. ಹದಿನೈದೇ, ಹದಿನಾರನೆಯದು ಇಲ್ಲ ಅಂತ ಫ್ರಾನ್ಸಿನ ಮಿಕಾಯೆಲ್ ರಾವ್ 2017ರಲ್ಲಿ ಸಾಧಿಸಿದರು. ಮೂರು ಮೂಲೆಯಲ್ಲಿ ಯಾವ ಆಕಾರ ಕೊಟ್ಟರೂ ನೆಲ ತುಂಬುತ್ತದೆ, ನಾಲ್ಕರಲ್ಲೂ ಹಾಗೆಯೇ. ಆರರಲ್ಲಿ ಉಬ್ಬಿದ ಆಕಾರ ಮೂರು ಬಗೆ. ಏಳು ಮತ್ತು ಮೇಲೆ ಒಂದೂ ಇಲ್ಲ. ಹುಚ್ಚಾಟ ಇರುವುದೆಲ್ಲ ಐದರಲ್ಲೇ.

ಅಡಿಕೆ ಚೊಗರು · ಸೋಮವಾರ ಸಂಜೆ

ವಿಷಯಾಂತರಕ್ಕೆ ಕ್ಷಮೆ ಇರಲಿ. ಸಂದು ಚುಕ್ಕಿ ಅಂದಾಗ ತೋಟ ನೆನಪಾಯಿತು. ನಾವು ಅಡಿಕೆ ಸಸಿ ನೆಡುವುದು 9 ಅಡಿಗೆ 9 ಅಡಿ, ನೇರ ಚುಕ್ಕಿ. ಅದೇ 9 ಅಡಿ ಅಂತರ ಇಟ್ಟು ಸಂದು ಚುಕ್ಕಿಯಂತೆ ನೆಟ್ಟರೆ ಎಷ್ಟು ಸಸಿ ಹಿಡಿಸುತ್ತದೆ?

ಮಳೆಗಾಲದ ಮೇಷ್ಟ್ರು · ಸೋಮವಾರ ಸಂಜೆ

ಎಕರೆಗೆ 43,560 ಚದರ ಅಡಿ. ನೇರ ಚುಕ್ಕಿಗೆ ಸಸಿಗೆ 81 ಚದರ ಅಡಿ, ಸುಮಾರು 537 ಸಸಿ. ಸಂದು ಚುಕ್ಕಿಗೆ ಸಾಲಿಂದ ಸಾಲಿಗೆ 7.8 ಅಡಿ ಸಾಕು, ಸುಮಾರು 620 ಸಸಿ. ನೂರಕ್ಕೆ ಹದಿನೈದು ಜಾಸ್ತಿ. ಬಸಿಗಾಲುವೆ, ದಾರಿ ಕಳೆಯದ ಲೆಕ್ಕ ಇದು. ಬಿಸಿಲು, ಗೊಬ್ಬರ ಸಾಲುತ್ತದಾ ಅನ್ನುವುದನ್ನು ನನ್ನನ್ನು ಕೇಳಬೇಡಿ, ತೋಟಗಾರಿಕೆಯವರನ್ನು ಕೇಳಿ.

ತುಡುವೆ ಜೇನಿನ ಎರಿ ತೆಗೆದು ನೋಡಿ, ಅಲ್ಲೂ ಸಂದು ಚುಕ್ಕಿಯೇ. ಒಂದೇ ಅಳತೆಯ ಕೋಣೆಗಳಿಂದ ಜಾಗ ತುಂಬಬೇಕು, ಮೇಣ ಕಡಿಮೆ ಖರ್ಚಾಗಬೇಕು ಅಂದರೆ ಆರು ಮೂಲೆಗಿಂತ ಒಳ್ಳೆಯದಿಲ್ಲ. ಎಲ್ಲರೂ ಎಂದೋ ನಂಬಿದ್ದ ಮಾತು, ಪೂರ್ತಿ ಸಾಧನೆ ಬಂದದ್ದು 1999ರಲ್ಲಿ, ಥಾಮಸ್ ಹೇಲ್ಸ್ ಅವರಿಂದ.

ಕೊಪ್ಪದ ಕಾಫಿ · ಮಂಗಳವಾರ ಬೆಳಿಗ್ಗೆ

ಎಲ್ಲ ಸರಿ. ಆದರೆ ಹೂವಿಗೆ ಯಾರು ಹೇಳಿಕೊಟ್ಟರು? ನಮ್ಮ ಹಿತ್ತಲಲ್ಲಿ ಐದರದೇ ಕಾರುಬಾರು. ದಾಸವಾಳ ಐದು, ದೇವಕಣಗಿಲೆ ಐದು, ಅರೇಬಿಕಾ ಕಾಫಿ ಹೂವು ಸಾಮಾನ್ಯವಾಗಿ ಐದು. ಬೆಂಡೆಕಾಯಿ ಅಡ್ಡ ಕೊಯ್ದರೆ ಐದು ಮೂಲೆ. ದಾರೆಹುಳಿ ಕೊಯ್ದರೆ ಸಾಕ್ಷಾತ್ ನಕ್ಷತ್ರ. ಕೇಪಳ ಮಾತ್ರ ನಾಲ್ಕು.

ಮಳೆಗಾಲದ ಮೇಷ್ಟ್ರು · ಮಂಗಳವಾರ ಬೆಳಿಗ್ಗೆ

ಹೂವು ನೆಲ ತುಂಬಬೇಕಾಗಿಲ್ಲ. ಅದಕ್ಕೊಂದು ನಡು ಇದೆ, ಅದರ ಸುತ್ತ ಎಸಳು, ಅಲ್ಲಿಗೆ ಮುಗಿಯಿತು. ಪಕ್ಕದ ಹೂವಿನ ಜೊತೆ ಅಂಚು ಹೊಂದಿಸುವ ಗೋಜಿಲ್ಲ. ಚುಕ್ಕಿಯ ಹಾಸಿಗೆ ಹಾಗಲ್ಲ, ಎಲ್ಲ ಕಡೆಯೂ ಒಂದೇ ಥರ ಹಬ್ಬುತ್ತಾ ಹೋಗಬೇಕು. ಐದು ಸೋಲುವುದು ಹಬ್ಬುವಾಗ, ತಿರುಗುವಾಗ ಅಲ್ಲ.

ಹಿತ್ತಲಿಗೆ ಹೋದಾಗ ಒಂದು ಕೆಲಸ ಮಾಡಿ. ಒಂಟಿ ಸುತ್ತಿನ ನಂದಿಬಟ್ಟಲು ಕಿತ್ತು ಕೈಯಲ್ಲಿ ಹಿಡಿಯಿರಿ. ಐದು ಎಸಳು, ಗಾಳಿಗಿರಿಗಟ್ಟೆಯ ಹಾಗೆ ಒಂದೇ ಕಡೆ ಓರೆ. 72 ಡಿಗ್ರಿ ತಿರುಗಿಸಿದರೆ ಮೊದಲಿನ ಹಾಗೇ ಕಾಣುತ್ತದೆ. ಈಗ ಕನ್ನಡಿಗೆ ಹಿಡಿಯಿರಿ. ಗಾಳಿಗಿರಿಗಟ್ಟೆ ಉಲ್ಟಾ ತಿರುಗುತ್ತಿದೆ! ಅಂದರೆ ನಂದಿಬಟ್ಟಲಿಗೆ ತಿರುಗುವ ಸಮಮಿತಿ ಇದೆ, ಕನ್ನಡಿ ಸಮಮಿತಿ ಇಲ್ಲ. ಬೆಂಡೆಕಾಯಿ ಬಿಲ್ಲೆಗೆ ಎರಡೂ ಇದೆ. ಸಮ ಪಂಚಭುಜಕ್ಕೆ ತಿರುಗಿಸುವ ಬಗೆ ಐದು, ಕನ್ನಡಿ ಗೆರೆ ಐದು, ಒಟ್ಟು ಹತ್ತು. ಹೆಂಚಿನ ಮನೆಯ ಗೋಡೆಗೆ ಮಾಡಿನ ತುದಿಯಿಂದ ಇಳಿಯುವ ಒಂದೇ ಕನ್ನಡಿ ಗೆರೆ.

ಸೊಸೆಯವರೇ, ದಾಸವಾಳದ ಎಸಳೂ ಒಂದರ ಮೇಲೊಂದು ಒಂದೇ ಕಡೆಗೆ ಹೊದ್ದಿರುತ್ತವೆ. ರಂಗೋಲಿಯಲ್ಲಿ ಅದನ್ನು ತೋರಿಸಿದರೆ ಚೆಂದ. ಎಲ್ಲರೂ ಕನ್ನಡಿ ಹಿಡಿದ ಹಾಗೆ ಬಿಡಿಸಿ ದಾಸವಾಳವನ್ನು ತಾವರೆ ಮಾಡುತ್ತಾರೆ.

ಭದ್ರಾವತಿ ಕುಲುಮೆ · ಮಂಗಳವಾರ ಮಧ್ಯಾಹ್ನ

ಲೋಹದ ಕೆಲಸದಲ್ಲಿ ಜೀವನ ಕಳೆದವನು, ಒಂದು ಮಾತು ಸೇರಿಸುತ್ತೇನೆ. ಕಬ್ಬಿಣದೊಳಗೂ ಪರಮಾಣುಗಳು ರಂಗೋಲಿ ಚುಕ್ಕಿಯ ಹಾಗೇ ಕೂತಿರುತ್ತವೆ, ಉದ್ದ, ಅಗಲ, ಎತ್ತರ ಮೂರೂ ಕಡೆ. ಮಾಮೂಲಿ ಶಾಖದಲ್ಲಿ ಕಬ್ಬಿಣದ್ದು ಘನಾಕೃತಿ, ಎಂಟು ಮೂಲೆಗೆ ಒಂದೊಂದು, ನಡುವೆ ಒಂದು. ನಮಗೆ ಕಲಿಸುವಾಗ ಹೇಳಿದ್ದು ಇದೇ: ಹರಳಿಗೆ ಎರಡು, ಮೂರು, ನಾಲ್ಕು, ಆರರ ತಿರುಗು ಮಾತ್ರ ಉಂಟು, ಐದರದ್ದು ಇಲ್ಲವೇ ಇಲ್ಲ. ಮೇಷ್ಟ್ರು ಚುಕ್ಕಿಯಲ್ಲಿ ತೋರಿಸಿದ ಕಾರಣವೇ.

1982ರಲ್ಲಿ ಡಾನ್ ಶೆಕ್ಟ್‌ಮನ್ ಅನ್ನುವ ಇಸ್ರೇಲಿನ ವಿಜ್ಞಾನಿ ಅಲ್ಯುಮಿನಿಯಂ ಮತ್ತು ಮ್ಯಾಂಗನೀಸ್ ಬೆರೆಸಿ, ದಿಢೀರನೆ ತಣಿಸಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹತ್ತು ಚುಕ್ಕಿಯ ಸುತ್ತು ಕಂಡಿತು. ಐದರ ಸಮಮಿತಿ! ಯಾರೂ ನಂಬಲಿಲ್ಲ. ಎರಡು ನೊಬೆಲ್ ಪಡೆದಿದ್ದ ಲೈನಸ್ ಪಾಲಿಂಗ್ ಅಂಥವರೇ ಕೊನೆಯವರೆಗೂ ಒಪ್ಪಲಿಲ್ಲ. 2011ರಲ್ಲಿ ಶೆಕ್ಟ್‌ಮನ್ ಅವರಿಗೆ ರಸಾಯನಶಾಸ್ತ್ರದ ನೊಬೆಲ್ ಬಂತು.

ಹಾಗಂತ ಮೇಷ್ಟ್ರ ಲೆಕ್ಕ ತಪ್ಪಲಿಲ್ಲ. ಆ ಲೋಹದಲ್ಲಿ ಪರಮಾಣುಗಳು ಕ್ರಮವಾಗಿ ಕೂತಿವೆ, ಆದರೆ ಒಂದೇ ಜಿಗಿತ ಎಲ್ಲ ಕಡೆ ನಡೆಯುವುದಿಲ್ಲ. ಒಂದು ಕಡೆ ಎರಡು ಹೆಜ್ಜೆ ಹಾಕಿದರೆ ಚುಕ್ಕಿ, ಇನ್ನೊಂದು ಕಡೆ ಅದೇ ಎರಡು ಹೆಜ್ಜೆ ಹಾಕಿದರೆ ಖಾಲಿ. ನಮೂನೆ ಇದೆ, ಮರುಕಳಿಕೆ ಇಲ್ಲ. ಅಂಥ ಹಾಸನ್ನು ಎರಡೇ ಬಗೆಯ ಬಿಲ್ಲೆಗಳಿಂದ ರೋಜರ್ ಪೆನ್‌ರೋಸ್ 1970ರ ದಶಕದಲ್ಲೇ ಮಾಡಿ ತೋರಿಸಿದ್ದರು. ಗಾರೆ ಕೆಲಸದವರೇ, ನಿಮ್ಮ ಆ 36 ಡಿಗ್ರಿ ಅಲ್ಲಿ ಬಿಲ್ಲೆಯ ಕೋನವಾಗಿ ಬರುತ್ತದೆ.

ಇನ್ನೊಂದು, ಸುಮ್ನೆ ತಮಾಷೆಗೆ. ನಟ್ಟಿಗೆ ಆರು ಮೂಲೆ ಯಾಕೆ? ಸ್ಪ್ಯಾನರಿಗೆ ಎದುರುಬದುರು ಸಮಾಂತರ ಬಾಹು ಬೇಕು. ಐದು ಮೂಲೆಯಲ್ಲಿ ಬಾಹುವಿನ ಎದುರಿಗೆ ಮೂಲೆ ಬರುತ್ತದೆ, ಸ್ಪ್ಯಾನರ್ ಜಾರುತ್ತದೆ. ಅಮೆರಿಕದಲ್ಲಿ ರಸ್ತೆ ಬದಿಯ ಬೆಂಕಿ ನಂದಿಸುವ ನಲ್ಲಿಗಳಿಗೆ ಬೇಕಂತಲೇ ಐದು ಮೂಲೆಯ ನಟ್ಟು ಹಾಕುತ್ತಾರೆ, ಕಂಡಕಂಡವರು ಬಿಚ್ಚಬಾರದು ಅಂತ.

ಹೊಸನಗರದ ಸೊಸೆ · ಮಂಗಳವಾರ ರಾತ್ರಿ

ನೊಬೆಲ್‌ವರೆಗೂ ಹೋಯಿತು ನನ್ನ ದಾಸವಾಳ. ಆದರೆ ಸ್ಪರ್ಧೆ ಶುಕ್ರವಾರ. ನಾನೇನು ಮಾಡಲಿ? ಚುಕ್ಕಿ ಇಲ್ಲದೆ ಹಾಕಿದರೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವಂತೆ.

ಹಾಳೆಟೋಪಿ · ಮಂಗಳವಾರ ರಾತ್ರಿ

ಅಕ್ಕ, ಸರಿಯಾದ ಐದು ಮೂಲೆ ಕಣ್ಣಿಂದ ನೋಡಬೇಕಾ? ಒಂದೇ ಅಗಲದ ಉದ್ದ ಕಾಗದದ ಪಟ್ಟಿ ಕತ್ತರಿಸಿ. ಸಾದಾ ಒಂದು ಗಂಟು ಹಾಕಿ, ಹಗ್ಗಕ್ಕೆ ಹಾಕುವ ಹಾಗೆ. ಮೆಲ್ಲಗೆ ಎಳೆದು, ಒತ್ತಿ ಚಪ್ಪಟೆ ಮಾಡಿ. ಗಂಟು ತಾನಾಗಿಯೇ ಸಮ ಪಂಚಭುಜ ಆಗುತ್ತದೆ. ಉಳಿದ ಬಾಲವನ್ನು ಮಡಚಿ ಬೆಳಕಿಗೆ ಹಿಡಿದರೆ ಒಳಗೆ ನಕ್ಷತ್ರ ಕಾಣುತ್ತದೆ. ತೆಂಗಿನ ಗರಿಯಲ್ಲಿ ಪ್ರಯತ್ನಿಸಿದೆ, ತುದಿಗೆ ಹೋದ ಹಾಗೆ ಸಪೂರ ಆಗುವುದರಿಂದ ಗಂಟು ಸೊಟ್ಟ. ಕಾಗದವೇ ಸರಿ.

ಮಳೆಗಾಲದ ಮೇಷ್ಟ್ರು · ಮಂಗಳವಾರ ರಾತ್ರಿ

ಗಂಟನ್ನು ಅಂಗಳದಷ್ಟು ದೊಡ್ಡದು ಮಾಡಲಾಗದು. ದಾರದಿಂದ ಮಾಡಿ. ನಡುವೆ ಮೊಳೆ, 17 ಇಂಚಿನ ದಾರ ಕಟ್ಟಿ ಸೀಮೆಸುಣ್ಣದಿಂದ ವೃತ್ತ ಎಳೆಯಿರಿ. ಇನ್ನೊಂದು ದಾರ 20 ಇಂಚು. ವೃತ್ತದ ಮೇಲೆ ಒಂದು ಕಡೆಯಿಂದ ಶುರು ಮಾಡಿ 20ರ ದಾರದಿಂದ ಗುರುತು ಹಾಕುತ್ತಾ ಹೋಗಿ. ಐದನೇ ಗುರುತಿಗೆ ಹೊರಟಲ್ಲಿಗೇ ಬಂದು ಸೇರುತ್ತೀರಿ. ನಿಜವಾದ ಅಳತೆ 19.985, ಅಷ್ಟು ವ್ಯತ್ಯಾಸ ಸೀಮೆಸುಣ್ಣದ ಗೆರೆಯೊಳಗೇ ಹೋಗುತ್ತದೆ.

17, 20 ನನ್ನ ಜೋಡಿ. ಇದರ ಹಿಂದಿನ ದೊಡ್ಡ ಲೆಕ್ಕ ಭಾಸ್ಕರಾಚಾರ್ಯರ ಲೀಲಾವತಿಯಲ್ಲಿದೆ, 1150ರದ್ದು. ವೃತ್ತದ ವ್ಯಾಸ 1,20,000 ಆದರೆ ಒಳಗೆ ಕೂರುವ ಆಕೃತಿಯ ಬಾಹು ಎಷ್ಟು ಅಂತ ಮೂರರಿಂದ ಒಂಬತ್ತರವರೆಗೆ ಕೊಟ್ಟಿದ್ದಾರೆ. ಐದಕ್ಕೆ 70,534. ಇವತ್ತು ಕ್ಯಾಲ್ಕುಲೇಟರ್ ಒತ್ತಿದರೂ ಅದೇ ಬರುತ್ತದೆ. ಆರಕ್ಕೆ ಸರಿಯಾಗಿ 60,000. ಏಳಕ್ಕೆ 52,055 ಅಂದಿದ್ದಾರೆ, ಬರಬೇಕಾದದ್ದು 52,066. ಏಳು ಅಂದರೆ ತಂಟೆಯದೇ. ಅಳತೆಗುರುತಿಲ್ಲದ ಪಟ್ಟಿ ಮತ್ತು ಕೈವಾರದಿಂದ ಐದನ್ನು ನಿಖರವಾಗಿ ಬರೆಯಬಹುದು. ಹದಿನೇಳನ್ನೂ ಬರೆಯಬಹುದು ಅಂತ ಜರ್ಮನಿಯ ಗಣಿತಜ್ಞ ಗೌಸ್ 1796ರಲ್ಲಿ ತೋರಿಸಿದರು. ಏಳನ್ನು ಆಗದು.

ಹೊಸನಗರದ ಸೊಸೆ · ಬುಧವಾರ ಬೆಳಿಗ್ಗೆ

ವೃತ್ತ, ಐದು ಗುರುತು, ಎಲ್ಲ ಬಂತು! ಆದರೆ ಚುಕ್ಕಿ? ಅದನ್ನೇ ಯೋಚಿಸುತ್ತಾ ಕೂತಿದ್ದೆ. ಅತ್ತೆ ಹಾಲು ಕರೆದು ಬಂದವರು ನೋಡಿ, "ಹೃದಯ ಕಮಲಕ್ಕೆ ಚುಕ್ಕಿ ಹೇಗೆ ಇಡ್ತೀಯೆ?" ಅಂದರು.

ಹೃದಯ ಕಮಲಕ್ಕೆ ಸಾಲಾಗಿ ಇಡುವುದೇ ಇಲ್ಲ! ನಡುವಿನಿಂದ ಎಂಟು ದಿಕ್ಕಿಗೆ, ದಿಕ್ಕಿಗೆ ಐದೈದು ಚುಕ್ಕಿ. ಎಂಟರ ಬದಲು ಐದು ದಿಕ್ಕಿಗೆ ಇಟ್ಟರಾಯಿತು. ಷರತ್ತಿನಲ್ಲಿ ಚುಕ್ಕಿ ಇಡಬೇಕು ಅಂತಿದೆ, ಸಾಲಾಗಿ ಇಡಬೇಕು ಅಂತ ಎಲ್ಲಿದೆ?

ಮಳೆಗಾಲದ ಮೇಷ್ಟ್ರು · ಬುಧವಾರ ಬೆಳಿಗ್ಗೆ

ನಾನು ಮೂರು ದಿನದಿಂದ ಬರಲ್ಲ ಅಂತ ಸಾಧಿಸಿದ್ದೆಲ್ಲ ಹಬ್ಬುವ ಚುಕ್ಕಿಗೆ. ನಡುವಿನಿಂದ ಹೊರಡುವ ಚುಕ್ಕಿಯ ಯೋಚನೆಯೇ ನನಗೆ ಬರಲಿಲ್ಲ. ಅತ್ತೆಯವರಿಗೆ ನಮಸ್ಕಾರ ಹೇಳಿ. ಹೊಯ್ಸಳರ ಶಿಲ್ಪಿಗಳೂ ಹೀಗೆಯೇ ಮಾಡಿದ್ದು, ಒಂದು ನಡು ಹಿಡಿದು ಚೌಕವನ್ನು ತಿರುಗಿಸುತ್ತಾ ಹೋಗುವುದು. ಸೋಮನಾಥಪುರದ ಗರ್ಭಗುಡಿಗಳ ಹದಿನಾರು ಮೂಲೆಯ ನಕ್ಷತ್ರಕ್ಕೆ ನಾಲ್ಕು ಚೌಕ ಸಾಕು.

ಗಾರೆ ಕೆಲಸ · ಬುಧವಾರ ಮಧ್ಯಾಹ್ನ

ಸಕಲೇಶಪುರದ ಮಂಜರಾಬಾದ್ ಕೋಟೆಯನ್ನೂ ಮರೆಯಬೇಡಿ, ಟಿಪ್ಪು 1792ರಲ್ಲಿ ಕಟ್ಟಿಸಿದ್ದು. ಎಂಟು ಮೂಲೆಯ ನಕ್ಷತ್ರ. ಒಂದು ಮೂಲೆಯಲ್ಲಿ ನಿಂತರೆ ಪಕ್ಕದ ಗೋಡೆಯ ಬುಡ ಪೂರ್ತಿ ಕಾಣುತ್ತದೆ.

ಹೊಸನಗರದ ಸೊಸೆ · ಶನಿವಾರ ಬೆಳಿಗ್ಗೆ

ಎರಡನೇ ಬಹುಮಾನ. ಸ್ಟೀಲ್ ಡಬ್ಬಿ. ಮೊದಲ ಬಹುಮಾನ ಬಂದವರದ್ದು ಆರು ಎಸಳಿತ್ತು, ನಾನು ಎಣಿಸಿದೆ. ತೀರ್ಪುಗಾರರು ಎಣಿಸಲಿಲ್ಲ. ಅತ್ತೆಗೆ ನನಗಿಂತ ಜಾಸ್ತಿ ಸಿಟ್ಟು ಬಂದಿದೆ. ದೀಪಾವಳಿಗೆ ಏಳು ಎಸಳು ಹಾಕೋಣ ಅನ್ನುತ್ತಿದ್ದಾರೆ, ಆಗ ಎಣಿಸಲೇಬೇಕಲ್ಲ ಅಂತ. ಮೇಷ್ಟ್ರೇ, ಏಳಕ್ಕೆ ದಾರ ಎಷ್ಟು?

ಮಳೆಗಾಲದ ಮೇಷ್ಟ್ರು · ಶನಿವಾರ ಮಧ್ಯಾಹ್ನ

ವೃತ್ತಕ್ಕೆ 15, ಬಾಹುವಿಗೆ 13. ಏಳು ಸುತ್ತು ಬರುವಾಗ ಹೊರಟ ಜಾಗಕ್ಕಿಂತ ಒಂದು ಎಳೆಯಷ್ಟು ಹಿಂದೆ ನಿಲ್ಲುತ್ತೀರಿ, ದಾರವನ್ನು ಸ್ವಲ್ಪ ಬಿಗಿಯಾಗಿ ಎಳೆದು ಹಿಡಿಯಿರಿ.

ಹೊಸನಗರದ ಸೊಸೆ · ಶನಿವಾರ ಮಧ್ಯಾಹ್ನ

15, 13. ಅಡುಗೆಮನೆ ಕ್ಯಾಲೆಂಡರ್ ಹಿಂದೆ ಬರೆದಿಟ್ಟೆ. ಚೊಗರು ಅವರೇ, ಕಡುಬು ಉಳಿದಿದೆ, ಈ ಕಡೆ ಬಂದರೆ ಬನ್ನಿ.